ನಾಲ್ಕಕ್ಕೆ ಮನೆಗೆ ಬರುವವನಿಗೆ ಬೆಳಗ್ಗೆ ಯಾವುದು?

ರಾತ್ರಿಪಾಳಿ · ಸೋಮವಾರ, ಮಧ್ಯಾಹ್ನ 1:10

ನಮಸ್ಕಾರ. ಸುಮ್ನೆ ಬೈಯಬೇಡಿ, ಪೂರ್ತಿ ಓದಿ.

ನಮ್ಮ ಮನೆ ಬಸವನಗುಡಿ ಕಡೆ. ಕೆಲಸ ರಾತ್ರಿ ಪಾಳಿ, ಅಮೆರಿಕದವರ ಹಗಲಿಗೆ ಹೊಂದಿಕೊಂಡು. ಸಂಜೆ ಕ್ಯಾಬ್ ಹತ್ತಿದರೆ ಮತ್ತೆ ಮನೆ ಮುಂದೆ ಇಳಿಯುವಾಗ ಮೂರೂಮುಕ್ಕಾಲು, ನಾಲ್ಕು. ಕೈಕಾಲು ತೊಳೆದು, ಎರಡು ಬಾಳೆಹಣ್ಣು ತಿಂದು, ನಾಲ್ಕೂವರೆಗೆ ಮಲಗುತ್ತೇನೆ. ಎಂಟಕ್ಕೆ ಸರಿಯಾಗಿ ಅಪ್ಪ ಬಾಗಿಲು ತಟ್ಟುತ್ತಾರೆ. "ಸೂರ್ಯ ನೆತ್ತಿಗೆ ಬಂದ, ಏಳೋ."

ಅಪ್ಪನಿಗೆ 68. ನಾನು ಮನೆಗೆ ಬರುವ ಹೊತ್ತಿಗೆ ಅವರು ಎದ್ದು ಹಾಲ್‌ನಲ್ಲಿ ಕೂತಿರುತ್ತಾರೆ. ಆಮೇಲೆ ಕಾಫಿ, ಸ್ನಾನ, ಸಂಧ್ಯಾವಂದನೆ, ಲಾಲ್‌ಬಾಗ್. ಬ್ರಾಹ್ಮೀ ಮುಹೂರ್ತದಲ್ಲಿ ಏಳದ ಮನೆಗೆ ಲಕ್ಷ್ಮಿ ಬರಲ್ಲ ಅನ್ನುವುದು ಅವರ ವಾದ. ಮನೆಯ ಇಎಂಐ ಕಟ್ಟುತ್ತಿರುವ ಲಕ್ಷ್ಮಿ ರಾತ್ರಿ ಪಾಳಿಯಲ್ಲಿ ಬರುತ್ತಿದ್ದಾಳೆ ಅಂತ ನಾನು ಒಂದು ಸಲ ಹೇಳಿದೆ. ಎರಡು ದಿನ ಮಾತಿಲ್ಲ.

ಹೋಗಲಿ ಅಂತ ಕಳೆದ ತಿಂಗಳು ಮೂರು ವಾರ ಅವರ ಮಾತು ಕೇಳಿದೆ. ನಾಲ್ಕೂವರೆಗೆ ಮಲಗಿ ಏಳಕ್ಕೆ ಎದ್ದು ಅವರ ಜೊತೆ ವಾಕಿಂಗ್. ಮೊದಲ ವಾರ ಚೆನ್ನಾಗೇ ಇತ್ತು. ಎಳೆಬಿಸಿಲು, ಹಕ್ಕಿ, ಅಪ್ಪನ ಸ್ನೇಹಿತರ ಜೋಕುಗಳು. ಮೂರನೇ ವಾರ ಸೌತ್ ಎಂಡ್ ಸರ್ಕಲ್ ಸಿಗ್ನಲ್‌ನಲ್ಲಿ ಗಾಡಿ ಮೇಲೆ ಕೂತಲ್ಲೇ ತೂಕಡಿಸಿದೆ. ಹಿಂದಿದ್ದ ಆಟೋದವರು ಹಾರ್ನ್ ಹೊಡೆದು ಎಬ್ಬಿಸಿದರು. ಅವತ್ತೇ ನಿಲ್ಲಿಸಿದೆ.

ಈಗ ಕೇಳುವುದು ಇಷ್ಟೇ. ಬೆಳಗ್ಗೆ ಬೇಗ ಏಳುವುದು ಅನ್ನುವುದು ಗಡಿಯಾರದ ಲೆಕ್ಕವಾ, ನಿದ್ದೆಯ ಲೆಕ್ಕವಾ? ಅಪ್ಪನಿಗೆ ಹೇಳಲು ಒಂದು ಒಳ್ಳೆ ಉತ್ತರ ಬೇಕು.

ಗುಂಡಿ ತಪ್ಪಿಸಿದವ · ಸೋಮವಾರ, 1:18

ನಮ್ಮಪ್ಪ ಫ್ಯಾನ್ ಆಫ್ ಮಾಡ್ತಾರೆ ಮಗಾ. ಬರೀ ಬಾಗಿಲು ತಟ್ಟೋರು ಸಿಕ್ಕಿದ್ದಾರೆ ಅಂದ್ರೆ ನೀನು ಪುಣ್ಯ ಮಾಡಿದ್ದೆ.

ಪಂಚಾಂಗದ ಮಾವ · ಸೋಮವಾರ, 1:55

ಮೊದಲು ಲೆಕ್ಕ ಸರಿ ಮಾಡೋಣ. ಬ್ರಾಹ್ಮೀ ಮುಹೂರ್ತ ಅಂದರೆ ನಾಲ್ಕು ಗಂಟೆ ಅಂತ ಜನ ಹೇಗೆ ತಿಳಿದುಕೊಂಡರೋ ಗೊತ್ತಿಲ್ಲ. ಅದು ಸೂರ್ಯನಿಗೆ ಕಟ್ಟಿದ ಲೆಕ್ಕ, ಗೋಡೆ ಗಡಿಯಾರಕ್ಕೆ ಅಲ್ಲ. ಒಂದು ಗಳಿಗೆ 24 ನಿಮಿಷ. ಎರಡು ಗಳಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಸೂರ್ಯ ಹುಟ್ಟುವ ಮುಂಚಿನ ಒಂದು ಮುಹೂರ್ತ ಬಿಟ್ಟು, ಅದರ ಹಿಂದಿನದು ಬ್ರಾಹ್ಮೀ. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಶುರು, 48 ನಿಮಿಷ ಇರುವಾಗ ಮುಗಿಯಿತು.

ಬೆಂಗಳೂರಿನಲ್ಲಿ ಸೂರ್ಯ ತೀರಾ ಬೇಗ ಹುಟ್ಟುವುದು ಮೇ ಕೊನೆಯಲ್ಲಿ, ಸುಮಾರು 5:52ಕ್ಕೆ. ತೀರಾ ತಡ ಜನವರಿ ಕೊನೆಯಲ್ಲಿ, ಸುಮಾರು 6:46ಕ್ಕೆ. ಡಿಸೆಂಬರ್ 21ರಂದು ಅಲ್ಲ. ಅವತ್ತು ಹಗಲು ಚಿಕ್ಕದು ನಿಜ. ಆದರೆ ಸೂರ್ಯೋದಯ ಅದಾದ ಮೇಲೂ ತಿಂಗಳಿಗಿಂತ ಜಾಸ್ತಿ ದಿನ ತಡವಾಗುತ್ತಲೇ ಹೋಗುತ್ತದೆ. ಸಂಕ್ರಾಂತಿ ಎಳ್ಳು ಬೀರಿ ಎರಡು ವಾರ ಆದರೂ ಮಕ್ಕಳ ಸ್ಕೂಲ್ ವ್ಯಾನ್ ಮಬ್ಬಿನಲ್ಲೇ ಬರುವುದು ಅದಕ್ಕೇ.

ಈಗ ಕಳೆದು ನೋಡಿ. ಮೇ ಕೊನೆಯಲ್ಲಿ ಬ್ರಾಹ್ಮೀ 4:16ಕ್ಕೆ ಶುರು. ಜನವರಿ ಕೊನೆಯಲ್ಲಿ 5:10ಕ್ಕೆ. ನಿಮ್ಮ ತಂದೆಯವರು ಚಳಿಗಾಲದಲ್ಲೂ ನಾಲ್ಕಕ್ಕೆ ಎದ್ದು ಕೂತರೆ ಶಾಸ್ತ್ರ ಕೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಕಾಯುತ್ತಿದ್ದಾರೆ.

ಇನ್ನೊಂದು ಮಾತು. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ, 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಇರುವುದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಹತ್ತಿರ ಹತ್ತಿರ 20 ನಿಮಿಷ ಹಿಂದೆ. ಅಸ್ಸಾಂನ ದಿಬ್ರುಗಢದಲ್ಲಿ ಜೂನ್ ತಿಂಗಳು ನಾಲ್ಕೂವರೆಯೊಳಗೇ ಸೂರ್ಯ ಹುಟ್ಟಿರುತ್ತಾನೆ. ಅಲ್ಲಿಯವರು ಆರಕ್ಕೆ ಎದ್ದರೆ ಸೋಮಾರಿಗಳು, ನಾವು ಆರಕ್ಕೆ ಎದ್ದರೆ ಶಿಸ್ತಿನವರು!

ಈಗ ನಿಮಗೆ ಬೇಕಾದ ಉತ್ತರ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅಂತ ಎಲ್ಲರೂ ಹೇಳುವುದು ವಾಗ್ಭಟನ ಅಷ್ಟಾಂಗಹೃದಯ ಅನ್ನುವ ಹಳೆಯ ಆಯುರ್ವೇದ ಪುಸ್ತಕದ ಮಾತು. ಆ ಸಾಲಿನಲ್ಲೇ "ಸ್ವಸ್ಥಃ" ಅಂತ ಇದೆ. ಆರೋಗ್ಯವಾಗಿರುವವನು ಏಳಲಿ ಅಂತ. ಅದೇ ಪುಸ್ತಕದಲ್ಲಿ ಮುಂದೆ ಹೋದರೆ, ರಾತ್ರಿ ನಿದ್ದೆಗೆಟ್ಟವನು ಎಷ್ಟು ಹೊತ್ತು ಎಚ್ಚರವಿದ್ದನೋ ಅದರ ಅರ್ಧದಷ್ಟು ಹೊತ್ತು ಬೆಳಗ್ಗೆ ಏನೂ ತಿನ್ನದೆ ಮಲಗಬೇಕು ಅಂತಲೂ ಇದೆ. ಬಾಳೆಹಣ್ಣು ಮಾತ್ರ ಬಿಡಬೇಕಾಗುತ್ತದೆ.

ರಾತ್ರಿಪಾಳಿ · ಸೋಮವಾರ, 2:04

ಮಾವ, ನಿಮ್ಮ ಪಾದ ಎಲ್ಲಿದೆ ಹೇಳಿ.

ಐದರ ಸಾಧಕ · ಸೋಮವಾರ, 2:40

ನೆಪ ಹೇಳುವವರಿಗೆ ನೂರು ಲೆಕ್ಕ ಸಿಗುತ್ತದೆ. ಜಗತ್ತಿನ ದೊಡ್ಡ ದೊಡ್ಡ ಯಶಸ್ವಿ ಜನರೆಲ್ಲ ಐದಕ್ಕೆ ಏಳುತ್ತಾರೆ. ಎದ್ದ ಕೂಡಲೇ ತಣ್ಣೀರು ಸ್ನಾನ, ಧ್ಯಾನ, ಡೈರಿ. ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಬದುಕೇ ಬದಲಾಯಿತು. ಬೆಳಗ್ಗೆ ಗೆದ್ದವನು ದಿನ ಗೆಲ್ಲುತ್ತಾನೆ.

ನಿವೃತ್ತ ಕಂಡಕ್ಟರ್ · ಸೋಮವಾರ, ಸಂಜೆ 5:20

ಸಾಧಕರೇ, ನಾನು ಮೂವತ್ತು ವರ್ಷದ ಮೇಲೆ ನಸುಕಿನ ಮೂರೂವರೆಗೆ ಎದ್ದಿದ್ದೇನೆ. ಬಿಟಿಎಸ್ ಇದ್ದಾಗ ಸೇರಿದವನು. 1997ರಲ್ಲಿ ಅದು ಬಿಎಂಟಿಸಿ ಆಯಿತು, ನನ್ನ ಅಲಾರಾಂ ಮಾತ್ರ ಬದಲಾಗಲಿಲ್ಲ. ತಣ್ಣೀರು ಸ್ನಾನವೂ ಮಾಡಿದ್ದೇನೆ, ಯಾಕಂದರೆ ಅಷ್ಟು ಹೊತ್ತಿಗೆ ಒಲೆ ಹಚ್ಚಿದರೆ ಮಕ್ಕಳು ಏಳುತ್ತಿದ್ದವು. ದೊಡ್ಡ ಮನುಷ್ಯ ಆಗಲಿಲ್ಲ. ಮಂಡಿ ನೋವು ಬಂತು.

ಒಂದು ವಿಷಯ ಹೇಳುತ್ತೇನೆ. ನೈಟ್ ಹಾಲ್ಟ್ ಬಸ್ಸು ಅಂತ ಇರುತ್ತದೆ. ರಾತ್ರಿ ಕೊನೇ ಟ್ರಿಪ್ಪು ಊರಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ನಾನು, ಡ್ರೈವರ್ ಅಣ್ಣ ಬಸ್ಸಲ್ಲೇ ಮಲಗುವುದು. ಸೊಳ್ಳೆ ಬತ್ತಿ, ಸೀಟಿನ ಮೇಲೆ ಟವೆಲ್ಲು. ಬೆಳಗ್ಗೆ ಅದೇ ಬಸ್ಸು ಪೇಟೆಗೆ ಮೊದಲನೇ ಟ್ರಿಪ್ಪು. ಆ ಬಸ್ಸಿಗೆ ಯಾರು ಹತ್ತುತ್ತಿದ್ದರು ಅಂದರೆ ಸೊಪ್ಪಿನ ಮೂಟೆ ಹೊತ್ತ ಹೆಂಗಸರು, ಹೂವಿನ ಕುಕ್ಕೆಯವರು, ರಾತ್ರಿ ವಾಚ್‌ಮನ್ ಕೆಲಸಕ್ಕೆ ಬದಲಿ ಹೋಗುವವರು, ಕಸ ಗುಡಿಸುವ ಅಕ್ಕಂದಿರು. ಯಾರೂ ಮಾತಾಡುತ್ತಿರಲಿಲ್ಲ. ಕಂಬಿಗೆ ತಲೆ ಕೊಟ್ಟು ನಿದ್ದೆ. ಟಿಕೆಟ್ ಕೇಳಿದರೆ ಕಣ್ಣು ಬಿಡದೆ ಚಿಲ್ಲರೆ ಚಾಚುತ್ತಿದ್ದರು, ಲೆಕ್ಕ ಸರಿಯಾಗೇ ಇರುತ್ತಿತ್ತು. ಅವರೂ ಐದರ ಒಳಗೆ ಎದ್ದವರೇ. ಅವರಲ್ಲಿ ಯಾರ ಬದುಕು ಬದಲಾಯಿತು ಅಂತ ನಾನು ನೋಡಲಿಲ್ಲ.

ಬೇಗ ಏಳಬೇಡಿ ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಜಾವದ ರಸ್ತೆ ನೋಡಿದವನಿಗೆ ಈ ಊರಿನ ಮೇಲೆ ಕೋಪ ಬರುವುದಿಲ್ಲ. ಆದರೆ ಬೇಗ ಏಳುವುದನ್ನೇ ಸಾಧನೆ ಅಂತ ಬೋರ್ಡು ಹಾಕಿಕೊಳ್ಳಬೇಡಿ.

ಗುಂಡಿ ತಪ್ಪಿಸಿದವ · ಸೋಮವಾರ, 5:26

ಸಾರ್ 🙏 ಈ ಥ್ರೆಡ್ ಇಲ್ಲಿಗೇ ಮುಗೀಬಹುದಿತ್ತು.

ಮಾರ್ಕೆಟ್ ಹುಡುಗಿ · ಸೋಮವಾರ, ರಾತ್ರಿ 8:15

ಕಂಡಕ್ಟರ್ ಅಂಕಲ್, ಆ ಹೂವಿನ ಕುಕ್ಕೆಯವರಲ್ಲಿ ನಮ್ಮಮ್ಮನೂ ಒಬ್ಬರಾಗಿರಬಹುದು. ಕೆ.ಆರ್. ಮಾರ್ಕೆಟ್‌ನಲ್ಲಿ ನಮ್ಮದು ಸಣ್ಣ ಹೂವಿನ ವ್ಯಾಪಾರ. ಆ ಕಟ್ಟಡ 1928ರದ್ದು. ಈಗ ನಾನು ಬ್ಯಾಂಕ್ ಕೆಲಸ ಮಾಡುತ್ತೇನೆ, ಆದರೂ ಹಬ್ಬದ ಸೀಸನ್‌ನಲ್ಲಿ ಹೋಗುತ್ತೇನೆ.

ನಮ್ಮ ಬೆಳಗ್ಗೆ ಮೂರಕ್ಕೆ ಶುರು. ನಾಲ್ಕರ ಹೊತ್ತಿಗೆ ಸೇವಂತಿಗೆ, ಚೆಂಡು ಹೂವಿನ ಗೋಣಿಗಳು ಇಳಿದಿರುತ್ತವೆ. ಸಗಟು ವ್ಯಾಪಾರ ಎಲ್ಲ ಕೆ.ಜಿ. ಲೆಕ್ಕ. ಕಟ್ಟಿದ ಹೂವಿಗೆ ಮೊಳ, ಮಾರು. ಮಲ್ಲಿಗೆ, ಕಾಕಡ ಮೊಗ್ಗಾಗಿಯೇ ಬರಬೇಕು. ಅರಳಿತು ಅಂದರೆ ಬೆಲೆ ಹೋಯಿತು. ಅದಕ್ಕೇ ತೋಟದಲ್ಲಿ ಕತ್ತಲೆಯಲ್ಲೇ ಬ್ಯಾಟರಿ ಹಿಡಿದು ಬಿಡಿಸುತ್ತಾರೆ. ಐದರಿಂದ ಏಳು ನಮಗೆ ಚಿನ್ನದ ಹೊತ್ತು. ಹತ್ತಕ್ಕೆ ಬಂದು ನೋಡಿ, ಬೆಳಗ್ಗೆ ಚೌಕಾಸಿಗೆ ಬಗ್ಗದಿದ್ದ ಅದೇ ಹೂವನ್ನು ಕೂಗಿ ಕೂಗಿ ಕೊಡುತ್ತೇವೆ.

ನಮ್ಮಮ್ಮ ಹನ್ನೊಂದಕ್ಕೆ ಮನೆಗೆ ಬಂದು, ಮುದ್ದೆ ಉಂಡು, ಮಧ್ಯಾಹ್ನ ಮಲಗಿದರೆ ಓಣಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಅವಳ ನಿದ್ದೆ ಅಂದರೆ ಎಲ್ಲರಿಗೂ ಗೊತ್ತಿತ್ತು. ನೀವು ಎಸಿ ಆಫೀಸಿಗೆ ಹೋಗುತ್ತೀರಲ್ಲ, ಅದಕ್ಕೇ ನಿಮ್ಮ ಹಗಲು ನಿದ್ದೆ ಸೋಮಾರಿತನದ ಹಾಗೆ ಕಾಣುತ್ತದೆ.

ಐಸಿಯು ಅಕ್ಕ · ಮಂಗಳವಾರ, ಬೆಳಗ್ಗೆ 9:30

ರಾತ್ರಿ ಡ್ಯೂಟಿ ಮುಗಿಸಿ ಈಗ ಬಂದೆ, ಮಲಗುವ ಮುಂಚೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ನರ್ಸ್. ಹತ್ತೊಂಬತ್ತು ವರ್ಷದ ಪಾಳಿ.

ತಮ್ಮಾ, ಉತ್ತರ ಎರಡೂ ಹೌದು. ಮೊದಲು ನಿದ್ದೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ಬೇಕು. ನೀನು ಎರಡೂವರೆ ಗಂಟೆ ಮಲಗಿ ಲಾಲ್‌ಬಾಗ್ ಸುತ್ತಿದರೆ ಅದು ವ್ಯಾಯಾಮ ಅಲ್ಲ, ಶಿಕ್ಷೆ. ಸಿಗ್ನಲ್‌ನಲ್ಲಿ ತೂಕಡಿಸಿದ್ದು ಕೇಳಿ ನನಗೆ ಹೊಟ್ಟೆ ತಳಮಳಿಸಿತು. ಹಾಗೆ ಬಂದವರನ್ನು ನಾವು ವಾರ್ಡಿನಲ್ಲಿ ನೋಡುತ್ತೇವೆ.

ಆಮೇಲೆ ಗಡಿಯಾರ. ಮೈಯೊಳಗೂ ಒಂದು ಗಡಿಯಾರ ಇದೆ. ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು. ಅದಕ್ಕೆ ಕೀಲಿ ಕೊಡುವುದು ಬೆಳಕು. ಜೀವಕೋಶದ ಒಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣದಲ್ಲಿ ಹುಡುಕಿದ ಹಾಲ್, ರಾಸ್‌ಬಾಶ್, ಯಂಗ್ ಅನ್ನುವ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮೋಡ ಕವಿದ ದಿನ ಕೂಡ ಹೊರಗಿನ ಬೆಳಕು ಹತ್ತು ಸಾವಿರ ಲಕ್ಸ್ ಹತ್ತಿರ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕೆಲವು ನೂರು ಅಷ್ಟೇ. ಅದಕ್ಕೇ ಎದ್ದ ಮೇಲೆ ಕಿಟಕಿ ಒಳಗೆ ಕೂರಬೇಡ, ಹೊರಗೆ ಹೋಗು. ನೀನು ಹನ್ನೆರಡಕ್ಕೆ ಎದ್ದರೆ ಹನ್ನೆರಡೂಕಾಲಿಗೆ ತಾರಸಿಗೆ ಹೋಗು. ಅದೇ ನಿನ್ನ ಬೆಳಗ್ಗೆ. ಮಲಗುವಾಗ ದಪ್ಪ ಪರದೆ ಹಾಕು. ರಜೆಯ ದಿನವೂ ಏಳುವ ಹೊತ್ತು ತುಂಬಾ ಆಚೀಚೆ ಆಗದಿರಲಿ. ರಾತ್ರಿ ಪಾಳಿ ಮೈಗೆ ಒಳ್ಳೆಯದು ಅಂತ ನಾನು ಹೇಳಲಾರೆ, ನನಗೇ ಗೊತ್ತು. ಮಾಡಲೇಬೇಕಾದಾಗ ಹೇಗೆ ಮಾಡಬೇಕು ಅನ್ನುವುದು ಬೇರೆ ಮಾತು.

ನಿನ್ನ ಅಪ್ಪನಿಗೂ ನಾಲ್ಕು ಮಾತಿದೆ. ಹೃದಯಾಘಾತ ಜಾಸ್ತಿ ಆಗುವುದು ಬೆಳಗ್ಗೆ ಆರರಿಂದ ಮಧ್ಯಾಹ್ನದ ಒಳಗೆ. ಏಳುವ ಹೊತ್ತಿಗೆ ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ವಾಕಿಂಗ್ ನಿಲ್ಲಿಸಬೇಕಿಲ್ಲ, ಎದ್ದ ತಕ್ಷಣ ಚಳಿಯಲ್ಲಿ ಬಿರುಸಾಗಿ ಹೊರಡಬಾರದು. ಸಕ್ಕರೆ ಕಾಯಿಲೆ ಇದ್ದರೆ, ರಾತ್ರಿ ಏನೂ ತಿನ್ನದಿದ್ದರೂ ಬೆಳಗ್ಗೆ ಶುಗರ್ ಜಾಸ್ತಿ ತೋರಿಸಬಹುದು. ನಾಲ್ಕರಿಂದ ಎಂಟರ ನಡುವೆ ಮೈ ತಾನೇ ಸಕ್ಕರೆ ಬಿಡುತ್ತದೆ. ಥೈರಾಯ್ಡ್ ಮಾತ್ರೆ ನುಂಗಿ ಅದೇ ಬಾಯಿಗೆ ಫಿಲ್ಟರ್ ಕಾಫಿ ಹಾಕುವವರು ಈ ಊರಲ್ಲಿ ಲೆಕ್ಕವಿಲ್ಲದಷ್ಟು. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಮಾತ್ರೆ ಕಾಫಿಯ ಜೊತೆ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಸಿಗುತ್ತದೆ ಅಂತ ಲಾಲ್‌ಬಾಗ್ ಬಂಡೆ ಮೇಲೆ ಕೂರುವವರಿಗೂ ಹೇಳಿ. ಆರೂವರೆಯ ಬಿಸಿಲು ಕಣ್ಣಿಗೂ ಮನಸ್ಸಿಗೂ ಒಳ್ಳೆಯದು. ವಿಟಮಿನ್‌ಗೆ ಬೇಕಾದ ಕಿರಣ ಆಗ ನೆಲಕ್ಕೆ ತಲುಪುವುದೇ ಕಮ್ಮಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆದಾಗ ಅದರ ಹೊತ್ತು.

ಕೊನೆಗೆ ಒಂದು. ವಯಸ್ಸಾದವರ ನಿದ್ದೆ ಹಗುರ, ಮುಂಚೆ ಬರುತ್ತದೆ, ಮುಂಚೆ ಮುಗಿಯುತ್ತದೆ. ಹದಿಹರೆಯದವರದ್ದು ಉಲ್ಟಾ, ಗಡಿಯಾರವೇ ಹಿಂದೆ ಸರಿದಿರುತ್ತದೆ. ನಿನ್ನ ಅಪ್ಪ ನಾಲ್ಕಕ್ಕೆ ಏಳುತ್ತಾರಾ, ನಾಲ್ಕಕ್ಕೆ ಎಚ್ಚರ ಆಗುತ್ತದಾ? ಎರಡೂ ಒಂದೇ ಅಲ್ಲ. ಒಂದು ಸಲ ಕೇಳಿ ನೋಡು.

ಕುಟ್ರುಹಕ್ಕಿ · ಮಂಗಳವಾರ, 10:05

ಲಾಲ್‌ಬಾಗ್ ಬಂಡೆ ವಿಷಯ ಬಂದದ್ದಕ್ಕೆ ಒಂದು ಮಾತು. ಅದು ಸುಮಾರು 300 ಕೋಟಿ ವರ್ಷ ಹಳೆಯದು. ಅಷ್ಟು ಬೆಳಗು ಕಂಡ ಕಲ್ಲಿನ ಮೇಲೆ ಕೂತು ನಾವು ಐದಾ ಆರಾ ಅಂತ ಜಗಳ ಮಾಡುತ್ತೇವೆ.

ನಾನು ಹೋಗುವುದು ಹಕ್ಕಿಗಾಗಿ. ಬೇಸಿಗೆಯಲ್ಲಿ ಮೊದಲು ಶುರು ಮಾಡುವುದು ಮಡಿವಾಳ ಹಕ್ಕಿ, ಇನ್ನೂ ಕತ್ತಲೆ ಇರುವಾಗಲೇ. ಆಮೇಲೆ ಕೋಗಿಲೆ. ಬೆಳಕು ಬಂದ ಮೇಲೆ ಕುಟ್ರು ತನ್ನ ಕುಟ್ರೂ ಕುಟ್ರೂ ಹಿಡಿದರೆ ಮುಗಿಯಿತು, ಬೇರೆ ಯಾರ ಮಾತೂ ಕೇಳಲ್ಲ. ಆ ಹೊತ್ತಿಗೆ ಹುಳ ಹುಡುಕಲು ಬೆಳಕು ಸಾಲದು, ಗಾಳಿ ನಿಂತಿರುತ್ತದೆ, ಸದ್ದು ಕಮ್ಮಿ. ಹಾಡಲು ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಒಂದು ಕಹಿ ಮಾತೂ ಸೇರಿಸುತ್ತೇನೆ. ಚಳಿಗಾಲದ ನಸುಕಿನ ಗಾಳಿ ಶುದ್ಧ ಅನ್ನುವುದು ಪೇಟೆಯಲ್ಲಿ ಅಷ್ಟು ನಿಜವಲ್ಲ. ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ, ದೂಳು ಕೆಳಗೇ ಉಳಿಯುತ್ತದೆ. ಬಿಸಿಲು ಬಂದು ಮುಚ್ಚಳ ತೆಗೆದ ಮೇಲೆ ಹೊರಟರೆ ಎದೆಗೆ ಒಳ್ಳೆಯದು. ಮುಖ್ಯ ರಸ್ತೆ ಪಕ್ಕ ಓಡುವವರು ಇದನ್ನು ನೆನಪಿಡಿ.

ಐದರ ಸಾಧಕ · ಮಂಗಳವಾರ, 10:12

ಹಾಗಾದರೆ ಬೆಳಗ್ಗೆ ಓಡುವುದೂ ತಪ್ಪಾ ಈಗ?

ಕುಟ್ರುಹಕ್ಕಿ · ಮಂಗಳವಾರ, 10:13

ಓಡಿ ಸಾರ್. ಪಾರ್ಕಿನಲ್ಲಿ ಓಡಿ.

ಧಾರವಾಡದಾಕಿ · ಮಂಗಳವಾರ, ಸಂಜೆ 4:45

ಆರೋಗ್ಯದ ಮಾತು ಭಾಳ ಆತು. ನಾ ಕನ್ನಡ ಮಾಸ್ತರಿಣಿ, ಬೆಂಗಳೂರಿಗೆ ಬಂದು ಹದಿನೈದು ವರ್ಷ. ಇಲ್ಲಿಯವರ ಕನ್ನಡದಾಗನ ಬರೀತೇನಿ.

ಅಕ್ಕ ಹೇಳಿದ ಹದಿಹರೆಯದ ಮಾತು ಓದಿ ನಗು ಬಂತು. ಸುಪ್ರಭಾತ ಶುರುವಾಗುವುದು "ಕೌಸಲ್ಯಾ ಸುಪ್ರಜಾ ರಾಮ" ಅಂತ. ಆ ಶ್ಲೋಕ ವಾಲ್ಮೀಕಿ ರಾಮಾಯಣದ ಬಾಲಕಾಂಡದ್ದು. ವಿಶ್ವಾಮಿತ್ರ ಕಾಡಿನಲ್ಲಿ ಮಲಗಿರುವ ರಾಮನನ್ನು ಎಬ್ಬಿಸುತ್ತಾನೆ. ಆಗ ರಾಮನಿಗೆ ಹದಿನಾರು ತುಂಬಿರಲಿಲ್ಲ, ಅದನ್ನು ದಶರಥನೇ ಹೇಳಿದ್ದಾನೆ. ಅಂದರೆ ನಾವು ದಿನಾ ಬೆಳಗ್ಗೆ ದೇವರ ಮನೆಯಲ್ಲಿ ಹಾಕುವುದು ಏಳಲಾರದ ಹುಡುಗನೊಬ್ಬನನ್ನು ಮೇಷ್ಟ್ರು ಎಬ್ಬಿಸಿದ ಮಾತು! ಬಾಗಿಲು ತಟ್ಟದೆ, ಮೊದಲು ತಾಯಿಯನ್ನು ಹೊಗಳಿ ಎಬ್ಬಿಸಿದ. ನಿಮ್ಮ ತಂದೆಯವರಿಗೆ ಇದನ್ನೂ ಹೇಳಬಹುದು.

ನಮ್ಮ ಊರಿನ ಬೇಂದ್ರೆಯವರ "ಬೆಳಗು" ಪದ್ಯ ಎಲ್ಲರಿಗೂ ಗೊತ್ತು. 1932ರ "ಗರಿ"ಯಲ್ಲಿದೆ. 1967ರ "ಬೆಳ್ಳಿಮೋಡ" ಸಿನಿಮಾದಿಂದ ಓದು ಬಾರದವರ ಬಾಯಿಗೂ ಬಂತು. ಅಲ್ಲಿ ಬೆಳಕು ಹುಟ್ಟುವುದಿಲ್ಲ, ಯಾರೋ ಕರಗಿಸಿ ಎರಕ ಹೊಯ್ಯುತ್ತಾರೆ. ತರಗತಿಯಲ್ಲಿ ಅದನ್ನು ಹೇಳುವಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿದೇ ಇದೆ. ಅದು ಎದ್ದು ಬಾಗಿಲಲ್ಲಿ ನಿಂತು ನೋಡುವವರ ಬೆಳಗು.

ಅದಕ್ಕಿಂತ ಹಳೆಯ ಬೆಳಗು ಬೀಸುಕಲ್ಲಿನ ಪದದಲ್ಲಿದೆ. ಬೆಳಗಾಗಿ ಎದ್ದು ಯಾರ್ಯಾರನ್ನು ನೆನೆಯಲಿ ಅಂತ ಕೇಳಿಕೊಂಡು, ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ಒಂದು ಗಳಿಗೆ ನೆನೆಯುತ್ತೇನೆ ಅನ್ನುವ ತ್ರಿಪದಿ. ನಾನು ಅದನ್ನು ಇಷ್ಟು ವರ್ಷ ಭಕ್ತಿಯ ಹಾಡು ಅಂತ ಪಾಠ ಮಾಡಿದೆ. ನಿನ್ನೆ ಪಂಚಾಂಗದ ಮಾವ ಗಳಿಗೆ ಅಂದರೆ 24 ನಿಮಿಷ ಅಂತ ಬರೆದದ್ದು ನೋಡಿ ಬೇರೆ ಥರ ಕೇಳಿಸಿತು. ಆಕೆಗೆ ಬೀಸುವುದಿದೆ, ನೀರು ತರುವುದಿದೆ, ದನ ಇದೆ, ಕೂಸು ಇದೆ. ಇಡೀ ದಿನದಲ್ಲಿ ಆಕೆ ತನಗೆ ಅಂತ ಕೇಳುವುದು 24 ನಿಮಿಷ. ಹಾಡಿನಲ್ಲಿ ಸೂರ್ಯನೇ ಇಲ್ಲ ನೋಡಿ. ಆಕೆ ಎದ್ದಾಗ ಇನ್ನೂ ಕತ್ತಲೆ.

ಮಾತಿನಲ್ಲೂ ಎಷ್ಟು ಬಗೆ! ನಮ್ಮಲ್ಲಿ ನಸುಕು, ಮುಂಜಾನೆ. ಮಂಡ್ಯ ಕಡೆ ಹೊತ್ತಾರೆ. ಕೋಳಿ ಕೂಗೋ ಹೊತ್ತು, ಮಬ್ಬುಗತ್ತಲೆ, ಹೊತ್ತು ಮೂಡೋದು, ಬೆಳಕು ಹರಿಯೋದು. ಬೆಂಗಳೂರಿಗೆ ಶಿವನಸಮುದ್ರದ ಕರೆಂಟು ಬಂದು 1905ರಲ್ಲಿ ಬೀದಿ ದೀಪ ಹತ್ತಿದವು. ನನಗೆ ಅನಿಸುವುದು, ಅವತ್ತಿನಿಂದ ಈ ಊರಿಗೆ ನಸುಕು ಅನ್ನುವ ಶಬ್ದ ಬೇಡವಾಯಿತು.

ಬೈಂದೂರು ಕಡೆಯವ · ಮಂಗಳವಾರ, 5:30

ನಮ್ಮ ಕಡೆ ತುಳುವರು ಕಾಂಡೆ ಅಂತಾರೆ, ಅದನ್ನೂ ಸೇರಿಸಿಕೊಳ್ಳಿ ಟೀಚರ್.

ಯಕ್ಷಗಾನದವರಿಗೆ ಬೆಳಗ್ಗೆ ಅಂದರೆ ಮುಗಿಯುವ ಹೊತ್ತು. ರಾತ್ರಿಯಿಡೀ ಆಟ. ಮುಖ್ಯ ಭಾಗವತರು ಜಾಗಟೆ ಹಿಡಿದು ಕೂರುವುದೇ ನಡುರಾತ್ರಿ ದಾಟಿದ ಮೇಲೆ. ಮಂಗಳ ಹಾಡುವಾಗ ಪೂರ್ವ ಕೆಂಪಗಾಗಿರುತ್ತದೆ. ಮುಖದ ಬಣ್ಣ ತೆಗೆದು ಬಸ್ಸಿನಲ್ಲಿ ಮಲಗಿದರೆ ಮಧ್ಯಾಹ್ನ ಇನ್ನೊಂದು ಊರು. ಯಾರೂ ಅವರನ್ನು ಎಂಟಕ್ಕೆ ಎಬ್ಬಿಸುವುದಿಲ್ಲ. ಈಗ ಕಾಲಮಿತಿ ಪ್ರದರ್ಶನ ಜಾಸ್ತಿ ಆಗಿದೆ, ರಾತ್ರಿಯೇ ಮುಗಿಯುತ್ತದೆ. ಬೇಗ ಮನೆಗೆ ಹೋಗಬಹುದು ನಿಜ. ಆದರೆ ಬೆಳಗಿನ ಮಂಗಳ ಕೇಳಿದವರಿಗೆ ಅದು ಊಟ ಮಾಡಿ ಮಜ್ಜಿಗೆ ಬಿಟ್ಟು ಎದ್ದ ಹಾಗೆ.

ಸಂಪ್ ಕಾಯುವವಳು · ಮಂಗಳವಾರ, ರಾತ್ರಿ 10:20

ಎಲ್ಲರೂ ಏಳುವವರ ಬಗ್ಗೆ ಬರೆದಿರಿ, ಎಬ್ಬಿಸುವವರ ಬಗ್ಗೆ ಧಾರವಾಡದ ಮೇಡಂ ಬಿಟ್ಟರೆ ಯಾರೂ ಇಲ್ಲ.

ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ. ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುವ ನೀರು. ನಲ್ಲಿ ಬುಸ್ ಅಂದರೆ ನನಗೆ ಎಚ್ಚರ. ಸಂಪ್ ತುಂಬಿತಾ ನೋಡಿ, ಮೋಟರ್ ಹಾಕಿ, ಟ್ಯಾಂಕ್ ತುಂಬುವವರೆಗೆ ಕಾದು, ಆರಿಸಿ ಮಲಗಬೇಕು. ಮಲಗಿದರೆ ನಿದ್ದೆ ಬರಬೇಕಲ್ಲ. ಅಷ್ಟರಲ್ಲಿ ಹಾಲು, ಪೇಪರ್, ಬಾಗಿಲಿಗೆ ನೀರು, ರಂಗೋಲಿ, ಮಗಳ ಡಬ್ಬಿಗೆ ಚಿತ್ರಾನ್ನ, ಮಗನ ಡಬ್ಬಿಗೆ ಚಪಾತಿ (ಅವನು ಚಿತ್ರಾನ್ನ ಮುಟ್ಟಲ್ಲ), ಅತ್ತೆಗೆ ಸಕ್ಕರೆ ಇಲ್ಲದ ಕಾಫಿ, ಇವರಿಗೆ ಎರಡು ಸಲ ಕಾಫಿ. ನನ್ನ ಕಾಫಿ ನಾನು ಕುಡಿಯುವುದು ಎಂಟೂಮುಕ್ಕಾಲಿಗೆ, ಎಲ್ಲರೂ ಗೇಟ್ ದಾಟಿದ ಮೇಲೆ. ಡಿಕಾಕ್ಷನ್ ಎರಡನೇ ಸಲದ್ದು, ತೆಳು. ಆದರೂ ಅದೇ ನನ್ನ ಒಂದು ಗಳಿಗೆ.

ರಾತ್ರಿಪಾಳಿಯವರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಿಮ್ಮಮ್ಮ ಎಷ್ಟಕ್ಕೆ ಏಳುತ್ತಾರೆ ಅಂತ ಬರೆದೇ ಇಲ್ಲ.

ರಾತ್ರಿಪಾಳಿ · ಬುಧವಾರ, ಮಧ್ಯಾಹ್ನ 12:50

ಸಂಪ್ ಅಕ್ಕ, ತಲೆ ತಗ್ಗಿಸಿದೆ. ಐದೂವರೆ. ಅಮ್ಮನನ್ನೇ ಕೇಳಿ ತಿಳಿದುಕೊಂಡೆ.

ಇವತ್ತು ರಜೆ ಹಾಕಿದ್ದೇನೆ. ಸಂಜೆ ಅಪ್ಪನ ಜೊತೆ ಕೂತು ಮಾತಾಡಬೇಕು ಅಂತ. ವಾಗ್ಭಟ, ನೊಬೆಲ್, ರಾಮ ಮೂರೂ ರೆಡಿ ಇದೆ.

ಕನ್ನಡ ಕಾವಲು · ಬುಧವಾರ, 1:15

ಎಲ್ಲರೂ ಗಮನಿಸಿ. ಬೆಳಗ್ಗೆ ಅಲ್ಲ, ಬೆಳಿಗ್ಗೆ.

ಗುಂಡಿ ತಪ್ಪಿಸಿದವ · ಬುಧವಾರ, 1:16

ಬಂದ್ರಪ್ಪ.

ಧಾರವಾಡದಾಕಿ · ಬುಧವಾರ, 1:40

ಎರಡೂ ಬಳಕೆಯಲ್ಲಿವೆ. ಮುಂಜಾನೆ ಅನ್ರಿ, ಜಗಳನ ಇಲ್ಲ.

ರಾತ್ರಿಪಾಳಿ · ಗುರುವಾರ, ಮಧ್ಯಾಹ್ನ 1:30

ಅಪ್ಪನ ಜೊತೆ ಮಾತಾಡಬೇಕು ಅಂದಿದ್ದೆನಲ್ಲ, ಏನಾಯಿತು ಹೇಳುತ್ತೇನೆ.

ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದೆ. 1943ರಿಂದ ಇರುವ ಹೋಟೆಲು, ಅಪ್ಪ ಕಾಲೇಜಿಗೆ ಹೋಗುವಾಗಿನಿಂದ ತಿನ್ನುತ್ತಿರುವ ದೋಸೆ. ತಟ್ಟೆ ಬರುವ ಮುಂಚೆ ನಾನು ವಾಗ್ಭಟನ ಸ್ವಸ್ಥ ತೆಗೆದೆ. ಅಪ್ಪ "ಹೌದಾ" ಅಂದರು. ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಅಜ್ಜಿ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗಲ್ಲ ಅಂತ ಮುಖ. ಆಗ ಐಸಿಯು ಅಕ್ಕ ಹೇಳಿದ್ದು ನೆನಪಾಗಿ ಸುಮ್ನೆ ಕೇಳಿದೆ. "ಅಪ್ಪ, ನೀವು ನಾಲ್ಕಕ್ಕೆ ಏಳೋದಾ, ಎಚ್ಚರ ಆಗೋದಾ?"

ಅವರು ಚಟ್ನಿ ಬಟ್ಟಲು ಹತ್ತಿರ ಎಳೆದುಕೊಂಡು ಹೇಳಿದರು. "ನಿನ್ನ ಕ್ಯಾಬ್ ಬಾಗಿಲು ಧಡಾರ್ ಅನ್ನುತ್ತಲ್ಲೋ. ಆಮೇಲೆ ಗೇಟು. ಇನ್ನೆಲ್ಲಿ ನಿದ್ದೆ ಬರುತ್ತೆ? ಒಂದೊಂದು ದಿನ ಲೇಟಾದರೆ ಮೂರೂವರೆಯಿಂದಲೇ ಕೂತಿರ್ತೀನಿ."

ನಾಲ್ಕು ವರ್ಷದಿಂದ ನಾನು ಈ ಪಾಳಿಯಲ್ಲಿದ್ದೇನೆ. ಬ್ರಾಹ್ಮೀ ಮುಹೂರ್ತ ಶುರುವಾಗಿದ್ದೂ ನಾಲ್ಕು ವರ್ಷದಿಂದ. ಅದಕ್ಕೆ ಮುಂಚೆ ಆರಕ್ಕೆ ಏಳುತ್ತಿದ್ದರಂತೆ, ಅಮ್ಮ ರಾತ್ರಿ ಹೇಳಿದರು. ಎಂಟಕ್ಕೆ ನನ್ನನ್ನು ಎಬ್ಬಿಸುವುದು ಯಾಕೆ ಅಂತಲೂ ಕೇಳಿದೆ. ಒಂಬತ್ತರಿಂದ ಅವರಿಗೆ ನಿದ್ದೆ ಬರುತ್ತದಂತೆ. ಅದಕ್ಕೆ ಮುಂಚೆ ಒಂದು ಸಲ ಜೊತೆಯಲ್ಲಿ ಕಾಫಿ ಕುಡಿಯಬೇಕು ಅಂತ.

ನಿನ್ನೆ ರಾತ್ರಿಯೇ ಗೇಟಿನ ಕೀಲಿಗೆ ಎಣ್ಣೆ ಬಿಟ್ಟೆ. ಇವತ್ತಿನಿಂದ ಕ್ಯಾಬ್ ತಿರುವಿನಲ್ಲೇ ನಿಲ್ಲಿಸಲು ಹೇಳಿದ್ದೇನೆ, ಅಲ್ಲಿಂದ ನಡೆದು ಬರುತ್ತೇನೆ.

ಐಸಿಯು ಅಕ್ಕ · ಗುರುವಾರ, 1:52

ಅಪ್ಪನಿಗೆ ಮೆಸೇಜ್ ಹಾಕು, ಹೊರಟೆ ಅಂತ. ಗೇಟಿಗೆ ಎಣ್ಣೆ ಸಾಲದು.

ಗುಂಡಿ ತಪ್ಪಿಸಿದವ · ಗುರುವಾರ, 1:55

ಮಗಾ, ಫ್ಯಾನ್ ವಿಷಯ ನಾನೂ ನಮ್ಮಪ್ಪನ ಹತ್ರ ಕೇಳಬೇಕು ಅನ್ಸತ್ತೆ.

ರಾತ್ರಿಪಾಳಿ · ಮುಂದಿನ ಬುಧವಾರ, ಮಧ್ಯಾಹ್ನ 1:05

ಒಂದು ವಾರದ ವರದಿ. ಆಫೀಸಿನಿಂದ ಹೊರಟಾಗ "ಹೊರಟೆ, ಮಲಗಿ" ಅಂತ ಮೆಸೇಜ್. ಮೊದಲ ಎರಡು ದಿನ ಅಪ್ಪ ಆದರೂ ಕೂತಿದ್ದರು. ಮೂರನೇ ದಿನ ಹಾಲ್ ಕತ್ತಲೆ, ಒಳಗಿನಿಂದ ಗೊರಕೆ. ಈಗ ಆರೂಕಾಲಿಗೆ ಏಳುತ್ತಿದ್ದಾರೆ. ನಾನು ಹನ್ನೆರಡಕ್ಕೆ ಎದ್ದು ತಾರಸಿಗೆ ಹೋಗುತ್ತೇನೆ. ಅಪ್ಪ ಎರಡು ಲೋಟ ಕಾಫಿ ಹಿಡಿದು ಅಲ್ಲಿಗೇ ಬರುತ್ತಾರೆ, ಹತ್ತಿಪ್ಪತ್ತು ನಿಮಿಷ ಕೂರುತ್ತೇವೆ. ಲಾಲ್‌ಬಾಗ್ ಸ್ನೇಹಿತರು ಫೋನ್ ಮಾಡಿ ಮೈ ಹುಷಾರಿಲ್ವಾ ಅಂತ ಕೇಳಿದರಂತೆ.

ಒಂದೇ ತೊಂದರೆ. ನಾಲ್ಕೂವರೆಗೆ ಬೂತಿಗೆ ಹೋಗಿ ಹಾಲು ತರುತ್ತಿದ್ದವರು ಅಪ್ಪ. ಅಮ್ಮ ಆ ಕೆಲಸ ಈಗ ನನಗೆ ಹಚ್ಚಿದ್ದಾರೆ. ಹೇಗಿದ್ದರೂ ತಿರುವಿನಿಂದ ನಡೆದೇ ಬರುತ್ತೀಯಲ್ಲ, ಎರಡು ನೀಲಿ ಪ್ಯಾಕೆಟ್ ಹಿಡಿದುಕೊಂಡು ಬಾ ಅಂತ.